ಸುರಂಗದೊಳಗೆ ಸಂಗೀತ ಬೇಕೇ? ಕಾಸರಗೋಡಿನ ಒಂದು ಕಿರುಚಿತ್ರದ ಹಿನ್ನೆಲೆ ಸಂಗೀತ: ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಗುಡ್ಡಗಳಲ್ಲಿ ಚಿತ್ರೀಕರಣಗೊಂಡ ಒಂದು ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವ ಹೊತ್ತಿನಲ್ಲಿ ನಿರ್ದೇಶಕರಿಗೂ ಸಂಗೀತ ಸಂಯೋಜಕರಿಗೂ ಎದುರಾದ ತೊಡಕನ್ನು ಮತ್ತು ಅದನ್ನು ಅವರು ಬಿಡಿಸಿಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಚಿತ್ರದ ಧ್ವನಿ ಜೋಡಣೆಯ ಕೆಲಸ ನನ್ನ ಪಾಲಿಗೆ ಬಂದಿದ್ದುದರಿಂದ ಇಬ್ಬರ ವಾದವನ್ನೂ ಹತ್ತಿರದಿಂದ ಕೇಳಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಅವರ ಅಪೇಕ್ಷೆಯಂತೆ ಹೆಸರುಗಳನ್ನೂ ಚಿತ್ರದ ಶೀರ್ಷಿಕೆಯನ್ನೂ ಬಿಟ್ಟಿದ್ದೇನೆ.

ಚಿತ್ರದ ವಸ್ತು ನೀರಿನ ಸುರಂಗ. ಬಾಯಾರು, ಪಡ್ರೆ, ಶೇಣಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆ ಕಡೆಯ ಓದುಗರಿಗೆ ಎರಡು ಮಾತು ಹೇಳಬೇಕು. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ಒರತೆಯನ್ನು ಹಿಡಿಯುವ ವಿಧಾನ ಇದು. ಒಬ್ಬನೇ ನಿಂತು ಪಿಕ್ಕಾಸು ಬೀಸುವುದಕ್ಕೆ ಬೇಕಾದಷ್ಟೇ ಜಾಗ, ಅಂದರೆ ಸುಮಾರು ಎರಡು ಅಡಿ ಅಗಲ ಮತ್ತು ಆರು ಅಡಿ ಎತ್ತರ, ಬಿಟ್ಟುಕೊಂಡು ಮುಂದುವರಿಯುತ್ತಾರೆ. ಕೆಲವು ಹತ್ತಿಪ್ಪತ್ತು ಅಡಿಗೇ ನೀರು ಕಾಣುತ್ತವೆ, ಕೆಲವು ಇನ್ನೂರು ಮುನ್ನೂರು ಮೀಟರ್ ಒಳಗೆ ಹೋಗುತ್ತವೆ. ಒಬ್ಬರು ಕಡಿದರೆ ಇನ್ನೊಬ್ಬರು ಮಣ್ಣು ಹೊರುತ್ತಾರೆ. ಒಳಗೆ ಒಯ್ದ ದೀಪ ಬೆಳಕಿಗೆ ಎಷ್ಟು ಬೇಕೋ ಉಸಿರಿನ ಲೆಕ್ಕಕ್ಕೂ ಅಷ್ಟೇ ಬೇಕು, ಏಕೆಂದರೆ ಅದು ಮಂಕಾಯಿತೆಂದರೆ ಗಾಳಿ ಕಡಿಮೆಯಾಗಿದೆ, ಹೊರಗೆ ಬರಬೇಕು ಎಂದೇ ಅರ್ಥ. ಸಿಕ್ಕ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಟಾಂಕಿಗೆ ಬೀಳುತ್ತದೆ. ವೃತ್ತಿಯಿಂದ ಹಿಂದೆ ಸರಿಯುತ್ತಿರುವ ಸುರಂಗ ಕಾರ್ಮಿಕರೊಬ್ಬರು ಒಂದು ಅಡಿಕೆ ತೋಟಕ್ಕಾಗಿ ಕಡಿಯುವ ಕೊನೆಯ ಸುರಂಗ, ಅವರಿಗೆ ಮಣ್ಣು ಹೊರಲು ಬರುವ ಮೊಮ್ಮಗ, ಪಕ್ಕದ ತೋಟಕ್ಕೆ ಬಂದಿಳಿಯುವ ಕೊಳವೆಬಾವಿಯ ಲಾರಿ: ಇವಿಷ್ಟು ಕಥೆ. ಮಾತು ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಇದೆ, ಊರಿನಲ್ಲಿ ಇರುವ ಹಾಗೆಯೇ.

ನಿರ್ದೇಶಕರು ಅದೇ ಪಂಚಾಯತಿನವರು. ಮಂಗಳೂರಿನಲ್ಲಿ ಮದುವೆ ಮತ್ತು ಜಾಹೀರಾತುಗಳ ವೀಡಿಯೊ ಮಾಡುತ್ತಾ ದುಡ್ಡು ಕೂಡಿಸಿ ಈ ಚಿತ್ರಕ್ಕೆ ಕೈಹಾಕಿದವರು. ಸಂಯೋಜಕರು ವಯಸ್ಸಿನಲ್ಲಿ ಹತ್ತು ಹನ್ನೆರಡು ವರ್ಷ ದೊಡ್ಡವರು, ಕುಂಬಳೆ ಕಡೆಯವರು. ಹುಡುಗನಾಗಿದ್ದಾಗ ಯಕ್ಷಗಾನದ ಮದ್ದಳೆ ಕಲಿತು, ಮುಂದೆ ಕೀಬೋರ್ಡಿಗೆ ಹೊರಳಿ, ಈಗ ಸ್ವಂತದ ಸಣ್ಣ ಸ್ಟುಡಿಯೊ ಇಟ್ಟುಕೊಂಡಿದ್ದಾರೆ. ಇಬ್ಬರೂ ಒಂದೇ ಸೀಮೆಯವರು, ಒಂದೇ ಯಕ್ಷಗಾನದ ಆಟ, ಅದೇ ಭೂತಕೋಲಗಳನ್ನು ನೋಡಿ ಬೆಳೆದವರು. ಆದ್ದರಿಂದ ಸಂಗೀತದ ವಿಷಯದಲ್ಲಿ ಜಗಳವೇ ಆಗದು ಎಂದು ಎಲ್ಲರೂ ಎಣಿಸಿದ್ದರು.

ಮೊದಲು ಕುಳಿತುಬಿಟ್ಟ ಸಂಗೀತ

ಸಂಯೋಜಕರನ್ನು ಕರೆದದ್ದು ಸಂಕಲನ ಬಹುಮಟ್ಟಿಗೆ ಮುಗಿದ ಮೇಲೆ. ಅಷ್ಟರಲ್ಲಿ ನಿರ್ದೇಶಕರು ಮತ್ತು ಸಂಕಲನಕಾರರು ಒಂದು ವಿದೇಶಿ ಚಿತ್ರದ ಪಿಯಾನೊ ಸಂಗೀತವನ್ನು ತಾತ್ಕಾಲಿಕವಾಗಿ ದೃಶ್ಯಗಳ ಕೆಳಗೆ ಹಾಸಿಕೊಂಡು ಕೆಲಸ ಮಾಡಿದ್ದರು. ಇದನ್ನು ಸ್ಟುಡಿಯೊಗಳಲ್ಲಿ ಟೆಂಪ್ ಟ್ರ್ಯಾಕ್ ಎನ್ನುತ್ತಾರೆ. ಸಂಕಲನಕ್ಕೆ ಒಂದು ಹದ ಸಿಗಲಿ, ನಿರ್ಮಾಪಕರಿಗೆ ತೋರಿಸುವಾಗ ಚಿತ್ರ ಬೋಳಾಗಿ ಕಾಣದಿರಲಿ ಎಂಬುದು ಉದ್ದೇಶ. ಬಳಕೆ ಎಲ್ಲ ಕಡೆಯೂ ಇದೆ, ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ವಾರಗಟ್ಟಲೆ ಅದೇ ತುಣುಕನ್ನು ಕೇಳುತ್ತಾ ಕುಳಿತವರ ಕಿವಿಗೆ ಅದು ಚಿತ್ರದ ಸ್ವಂತ ದನಿಯೇ ಆಗಿಬಿಡುತ್ತದೆ, ಆಮೇಲೆ ಬರುವ ಯಾವ ಸಂಗೀತವೂ ಹೊರಗಿನದಾಗಿ ಕೇಳಿಸುತ್ತದೆ.

ಇಲ್ಲಿಯೂ ಹಾಗೆಯೇ ಆಯಿತು. ಸಂಯೋಜಕರು ಮೊದಲು ಕಳುಹಿಸಿದ್ದು ಶೋಕಕ್ಕೆ ಹೆಸರಾದ ಶುಭಪಂತುವರಾಳಿ ರಾಗದ ಛಾಯೆಯಲ್ಲಿ ಕೊಳಲು ಮತ್ತು ವಯಲಿನ್. ಕೇಳಿದ ನಿರ್ದೇಶಕರಿಗೆ ತೃಪ್ತಿಯಾಗಲಿಲ್ಲ. "ಅಲ್ಲಿ ವಯಲಿನ್ ಯಾಕೆ ಅಣ್ಣ? ಆ ಅಜ್ಜ ಅಳುವುದಿಲ್ಲವಲ್ಲ" ಎಂದರು. ಮಾತು ಸರಿಯೇ ಇತ್ತು. ಆದರೆ ಅದೇ ಜಾಗದಲ್ಲಿ ಅದಕ್ಕಿಂತ ಹೆಚ್ಚು ಅಳುವ ಪಿಯಾನೊ ಅವರಿಗೆ ಒಪ್ಪಿಗೆಯಾಗಿತ್ತು. ಎರಡನೆಯ ಸಲವೂ ಹೀಗೆಯೇ ಆದಾಗ ಸಂಯೋಜಕರು, "ನಿನಗೆ ಬೇಕಾದದ್ದು ಆ ಟ್ರ್ಯಾಕಿನ ನಕಲು. ಅದಕ್ಕೆ ನಾನು ಯಾಕೆ ಮಾರಾಯ?" ಎಂದು ಫೋನು ಇಟ್ಟರು.

ಇದನ್ನು ಬರಿಯ ರುಚಿಭೇದವೆಂದು ತಳ್ಳಿಹಾಕಬಹುದಿತ್ತು. ಧ್ವನಿಯ ಕೆಲಸಕ್ಕಾಗಿ ಸಂಕಲನದ ಕಡತವನ್ನು ತೆರೆದು ನೋಡಿದಾಗ ನನಗೆ ಬೇರೆಯೇ ಒಂದು ಕಾರಣ ಕಂಡಿತು. ಆ ಪಿಯಾನೊದ ನಡೆ ನಿಮಿಷಕ್ಕೆ 72 ಪೆಟ್ಟು. ಚಿತ್ರ ಸೆಕೆಂಡಿಗೆ 24 ಫ್ರೇಮಿನದು, ಆದ್ದರಿಂದ ಒಂದು ಪೆಟ್ಟಿಗೆ ಸರಿಯಾಗಿ 20 ಫ್ರೇಮು. ಸುರಂಗ ಕಡಿಯುವ ದೃಶ್ಯದಲ್ಲಿ ಶಾಟುಗಳ ಉದ್ದ 80 ಅಥವಾ 160 ಫ್ರೇಮುಗಳ ಆಸುಪಾಸಿನಲ್ಲೇ ಇತ್ತು, ಅಂದರೆ ನಾಲ್ಕು ಅಥವಾ ಎಂಟು ಪೆಟ್ಟಿಗೊಮ್ಮೆ ಕತ್ತರಿ ಬಿದ್ದಿತ್ತು. ಸಂಕಲನಕಾರರು ಬೇಕೆಂದೇ ಹೀಗೆ ಮಾಡಿದವರಲ್ಲ, ಕಿವಿ ಹೇಳಿದಲ್ಲಿ ಕೈ ಕತ್ತರಿಸಿತ್ತು, ಅಷ್ಟೇ. ಸಂಯೋಜಕರು ಕಳುಹಿಸಿದ ಸಂಗೀತದ ನಡೆ ನಿಮಿಷಕ್ಕೆ 60 ಪೆಟ್ಟು, ಎಂದರೆ ಪೆಟ್ಟಿಗೆ 24 ಫ್ರೇಮು. ಹೀಗಾಗಿ ಅವರ ತಾಳ ಒಂದು ಕಡೆ, ದೃಶ್ಯ ಬದಲಾಗುವುದು ಇನ್ನೊಂದು ಕಡೆ. ನೋಡುವವರಿಗೆ ಇದು ಲೆಕ್ಕವಾಗಿ ತಿಳಿಯದು, 'ಏನೋ ಕೂಡುತ್ತಿಲ್ಲ' ಎಂಬ ಅತೃಪ್ತಿಯಾಗಿ ತಿಳಿಯುತ್ತದೆ. ನಿರ್ದೇಶಕರ ದೂರು ವಯಲಿನ್ನಿನ ಮೇಲೆ ಬಿದ್ದರೂ ಅದರ ಮೂಲ ಕತ್ತರಿಯಲ್ಲಿತ್ತು.

ಟೆಂಪ್ ಟ್ರ್ಯಾಕನ್ನು ಪೂರ್ತಿ ತೆಗೆದು, ಚಿತ್ರೀಕರಣದ ಸ್ಥಳದ ಧ್ವನಿ ಮಾತ್ರ ಇಟ್ಟುಕೊಂಡು ಮೂವರೂ ಒಮ್ಮೆ ಚಿತ್ರ ನೋಡಬೇಕೆಂದು ಕೇಳಿಕೊಂಡೆ. ಸಂಕಲನಕಾರರಿಗೆ ಇಷ್ಟವಿರಲಿಲ್ಲ, ಮುಗಿದ ಕೆಲಸವನ್ನು ಬಿಚ್ಚುವುದು ಯಾರಿಗೂ ಇಷ್ಟವಾಗದು. ಆದರೆ ನೋಡಿದ ಮೇಲೆ ಮೊದಲು ಬಾಯಿಬಿಟ್ಟವರೂ ಅವರೇ. ಕಡಿದು ದಣಿದ ಅಜ್ಜ ಗೋಡೆಗೆ ಒರಗಿ ಕೂರುವ ಶಾಟು ಮೂರೂ ಚಿಲ್ಲರೆ ಸೆಕೆಂಡಿಗೆ ಮುಗಿಯುತ್ತಿತ್ತು; ಅವರ ಉಸಿರು ಇನ್ನೂ ಹದಕ್ಕೆ ಬರುವ ಮೊದಲೇ ನಾವು ಹೊರಗೆ ಬಂದುಬಿಡುತ್ತಿದ್ದೆವು. ಆ ಶಾಟಿಗೆ 11 ಸೆಕೆಂಡು ಮರಳಿ ಸಿಕ್ಕಿತು. ಅದಾದ ಮೇಲೆ ಅಲ್ಲಿ ಯಾವ ಸಂಗೀತ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಚೆಂಡೆಯ ಪ್ರಸಂಗ

ಇದಕ್ಕೂ ಮೊದಲು ನಡೆದ ಇನ್ನೊಂದು ಪ್ರಯತ್ನವನ್ನು ಇಲ್ಲಿ ಹೇಳಬೇಕು, ಏಕೆಂದರೆ ಗಡಿನಾಡಿನ ಚಿತ್ರಗಳಿಗೆ ಅದು ವಿಶೇಷವಾಗಿ ಸಂಬಂಧಿಸಿದೆ. 'ನಮ್ಮ ಊರಿನ ಸೊಗಡು ಬರಬೇಕು' ಎಂದು ನಿರ್ದೇಶಕರು ಹೇಳಿದ್ದರಿಂದ ಸಂಯೋಜಕರು ಯಕ್ಷಗಾನದ ತೆಂಕುತಿಟ್ಟಿನ ಚೆಂಡೆಯನ್ನು ಕಡಿಯುವ ದೃಶ್ಯಕ್ಕೆ ತಂದರು. ನುಡಿಸಿದವರು ಮೇಳದ ಅನುಭವವಿದ್ದವರು, ನುಡಿಸಾಣಿಕೆಯಲ್ಲಿ ಕೊರತೆಯಿರಲಿಲ್ಲ. ಬೆಂಗಳೂರಿನ ಗೆಳೆಯರಿಗೆ ಕೇಳಿಸಿದಾಗ ಅವರೆಲ್ಲ ಮೆಚ್ಚಿದರು. ಪೆರ್ಲದ ಒಬ್ಬ ಹಿರಿಯರಿಗೆ ತೋರಿಸಿದಾಗ ಅವರು ನಕ್ಕು, "ಇದೇನು, ಬಣ್ಣದ ವೇಷ ಬರ್ತದಾ ಈಗ?" ಎಂದು ಕೇಳಿದರು.

ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ಸೀಮೆಯಲ್ಲಿ ಆ ಏರುಪೆಟ್ಟು ಕೇಳಿದ ಕೂಡಲೇ ಜನರ ಮನಸ್ಸು ತೆರೆಯ ಹಿಂದಿನ ರಾಕ್ಷಸನನ್ನು ಕಾಯತೊಡಗುತ್ತದೆ. ತೆರೆ ಒಡ್ಡೋಲಗದ, ಅಂದರೆ ತೆರೆಯ ಹಿಂದಿನಿಂದ ಆ ವೇಷ ರಂಗಕ್ಕೆ ಬರುವ ಸಂದರ್ಭದ, ನೆನಪು ಅಷ್ಟು ಗಟ್ಟಿ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದರೆ ಅದೇ ಬಗೆಯ ವಾದ್ಯ ತೆಯ್ಯಂ ಎಂಬ ದೈವಾರಾಧನೆಯನ್ನು ಅಥವಾ ದೇವಸ್ಥಾನದ ಮೇಳವನ್ನು ನೆನಪಿಗೆ ತರುತ್ತದೆ. ದೂರದವರಿಗೆ ಬರಿಯ ಜಾನಪದ ಬಣ್ಣವಾಗಿ ಕೇಳಿಸುವ ವಾದ್ಯಕ್ಕೆ ಇಲ್ಲಿ ತನ್ನದೇ ಪಾತ್ರ, ಹೊತ್ತು, ಜಾಗ ಇದೆ. ಅದನ್ನು ಎತ್ತಿ ಬೇರೆಡೆ ಇಟ್ಟರೆ ಅದರ ಜೊತೆಗೆ ಆ ಪಾತ್ರವೂ ಬಂದುಬಿಡುತ್ತದೆ. ಮದ್ದಳೆ ಕಲಿತ ಸಂಯೋಜಕರಿಗೆ ಇದು ತಿಳಿಯದ್ದಲ್ಲ; 'ಸೊಗಡು' ಎಂಬ ಒಂದು ಮಾತಿನ ಮೇಲೆ, ಬೇರೇನೂ ವಿವರಣೆಯಿಲ್ಲದೆ ಕೆಲಸ ಮಾಡಬೇಕಾಗಿ ಬಂದದ್ದರಿಂದ ಹಾಗಾಯಿತು. ನಿರ್ದೇಶಕರು ವಾದ್ಯದ ಹೆಸರಿನಲ್ಲಿ ಸಂಗೀತವನ್ನು ಕೇಳುವುದಕ್ಕಿಂತ ದೃಶ್ಯದಲ್ಲಿ ಯಾರ ಮನಸ್ಸಿನೊಳಗೆ ಕೂರಬೇಕೆಂದು ಹೇಳುವುದು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ವಾದ್ಯ ಯಾವುದೆಂಬುದನ್ನು ಸಂಯೋಜಕರು ನೋಡಿಕೊಳ್ಳುತ್ತಾರೆ.

ಚರ್ಮವಾದ್ಯವೊಂದು ಕಥೆಯ ಒಳಗಿನಿಂದಲೇ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆಯಿದೆ. 1975ರ 'ಚೋಮನ ದುಡಿ'ಯಲ್ಲಿ ದುಡಿ ಪಾತ್ರದ ಕೈಯಲ್ಲೇ ಇದೆ, ಚೋಮನ ಸಿಟ್ಟು ಸಂಕಟಗಳಿಗೆ ಅದೇ ಬಾಯಿ. ಅಲ್ಲಿ ನಿರ್ದೇಶನವೂ ಸಂಗೀತವೂ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರದೇ ಆದ್ದರಿಂದ ಒಬ್ಬರು ಕೇಳಿ ಇನ್ನೊಬ್ಬರು ತಿಳಿಯಬೇಕಾದ ಪ್ರಮೇಯವೇ ಬರಲಿಲ್ಲ. ಅದೇ ಕಾರಂತರು ಎರಡು ವರ್ಷದ ಬಳಿಕ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದರು, ಅಂದರೆ ಇನ್ನೊಬ್ಬರ ಚಿತ್ರದೊಳಕ್ಕೂ ಹೊಕ್ಕು ಕೆಲಸ ಮಾಡಬಲ್ಲವರಾಗಿದ್ದರು. ಸತ್ಯಜಿತ್ ರಾಯ್ 1961ರ 'ತೀನ್ ಕನ್ಯಾ'ದಿಂದ ತಮ್ಮ ಚಿತ್ರಗಳಿಗೆ ಬಹುಮಟ್ಟಿಗೆ ತಾವೇ ಸಂಗೀತ ಮಾಡಿಕೊಂಡರು. ಇದಕ್ಕೆ ಬದಲಾಗಿ ನಿರ್ದೇಶಕ ಪುಟ್ಟಣ್ಣ ಕಣಗಾಲರೂ ಸಂಗೀತ ನಿರ್ದೇಶಕ ವಿಜಯಭಾಸ್ಕರರೂ 'ಬೆಳ್ಳಿಮೋಡ'ದಿಂದ (1967) 'ನಾಗರಹಾವು'ವರೆಗೆ (1972) ಹಲವು ಚಿತ್ರಗಳನ್ನು ಜೊತೆಯಾಗಿ ಮಾಡಿದ್ದರಿಂದ ಅವರಿಬ್ಬರಿಗೆ ಅರ್ಧ ಮಾತಿನಲ್ಲೇ ಕೆಲಸ ಸಾಗುವ ಅನುಕೂಲ ಇದ್ದಿರಬೇಕು. ನಮ್ಮ ಪ್ರಕರಣದ ಇಬ್ಬರಿಗೂ ಈ ಎರಡೂ ಅನುಕೂಲಗಳಿರಲಿಲ್ಲ, ಇದು ಅವರ ಮೊದಲ ಜೊತೆಗೆಲಸ.

ಕಪ್ಪು ಒಂದು

ತಿರುವು ಬಂದದ್ದು ಸಂಯೋಜಕರು ಸುರಂಗಕ್ಕೆ ಹೋದಾಗ. ಅಲ್ಲಿಯವರೆಗೆ ಅವರು ಅದನ್ನು ಪರದೆಯ ಮೇಲೆ ಮಾತ್ರ ನೋಡಿದ್ದರು. ಚಿತ್ರೀಕರಣ ನಡೆದ ಸುರಂಗದೊಳಗೆ ಟಾರ್ಚು ಹಿಡಿದು, ಪಾದ ಮುಳುಗುವ ನೀರಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದೆವು. ಸ್ವಲ್ಪ ಒಳಗೆ ಹೋದ ಮೇಲೆ ಅವರು ನಿಂತು, ಬಾಯಿ ಮುಚ್ಚಿಕೊಂಡು ಮೆಲ್ಲಗೆ ಒಂದು ಸ್ವರ ಹಿಡಿದರು. ಅದನ್ನು ಮೇಲಕ್ಕೆ ಕೆಳಕ್ಕೆ ಜಾರಿಸುತ್ತಾ ಹೋದರು. ಒಂದು ಎತ್ತರದಲ್ಲಿ ಅವರ ದನಿ ಇದ್ದಕ್ಕಿದ್ದಂತೆ ದಪ್ಪಗಾಗಿ ಗೋಡೆಯೇ ಹಾಡುವಂತೆ ಕೇಳಿಸಿತು. ಜೇಬಿನ ಫೋನಿನಲ್ಲಿದ್ದ ಶ್ರುತಿಪೆಟ್ಟಿಗೆಯ ಆ್ಯಪ್ ತೆರೆದು ನೋಡಿ, "ಕಪ್ಪು ಒಂದು" ಎಂದರು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿ.

ಇದಕ್ಕೆ ಭೌತಶಾಸ್ತ್ರದಲ್ಲಿ ಸರಳ ಕಾರಣವಿದೆ. ಎರಡು ಸಮಾನಾಂತರ ಗೋಡೆಗಳ ನಡುವಿನ ಅಂತರ ಯಾವ ಸ್ವರದ ತರಂಗದ ಉದ್ದದ ಅರ್ಧದಷ್ಟಿರುತ್ತದೋ ಆ ಸ್ವರ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡು ಅಡಿ, ಅಂದರೆ 61 ಸೆಂಟಿಮೀಟರ್ ಅಗಲಕ್ಕೆ ಲೆಕ್ಕ ಹಾಕಿದರೆ ಸುಮಾರು 281 ಹರ್ಟ್ಸ್ ಬರುತ್ತದೆ. ಹಾರ್ಮೋನಿಯಮ್ಮಿನ ಮಧ್ಯದ ಕಪ್ಪು ಒಂದು 277 ಹರ್ಟ್ಸ್. ಪಿಕ್ಕಾಸಿನ ಗುರುತು ಬಿದ್ದ ಒರಟು ಮುರಕಲ್ಲಿನ ಗೋಡೆಯಾದ್ದರಿಂದ ಅಷ್ಟು ಕರಾರುವಾಕ್ಕಾಗಿ ಆಗುವುದಿಲ್ಲ, ಆಸುಪಾಸಿನ ಸ್ವರಗಳೂ ಅಷ್ಟಿಷ್ಟು ಉಬ್ಬುತ್ತವೆ. ಆದರೆ ಕಿವಿಗೆ ಅಷ್ಟು ಸಾಕು. ಒಬ್ಬ ಮನುಷ್ಯನ ಹೆಗಲಿನ ಅಳತೆಗೆ ಕಡಿದ ಗುಡ್ಡ ತನ್ನದೊಂದು ಶ್ರುತಿಯನ್ನು ಇಟ್ಟುಕೊಂಡಿತ್ತು.

ಹೊರಗೆ ಬಂದು ಕಲ್ಲಿನ ಮೇಲೆ ಕುಳಿತು ಇಬ್ಬರೂ ಆಡಿದ ಮಾತಿನಲ್ಲಿ ಚಿತ್ರದ ಸಂಗೀತ ಹೆಚ್ಚುಕಡಿಮೆ ನಿರ್ಧಾರವಾಯಿತು. ಸುರಂಗದೊಳಗೆ ಸಂಗೀತ ಇಲ್ಲ. ಅಲ್ಲಿ ಪಿಕ್ಕಾಸು, ಉಸಿರು, ತೊಟ್ಟಿಕ್ಕುವ ನೀರು, ಬುಟ್ಟಿ ಎಳೆಯುವ ಸದ್ದು ಮಾತ್ರ. ಹೊರಗಿನ ದೃಶ್ಯಗಳಲ್ಲಿ, ಅಂದರೆ ತೋಟ, ಅಂಗಳ, ಬಸ್ಸು ಕಾಯುವ ಕಟ್ಟೆ ಇಂಥಲ್ಲಿ ಬರುವ ಸಂಗೀತವೆಲ್ಲ ಕಪ್ಪು ಒಂದರ ಶ್ರುತಿಯಲ್ಲಿ, ಅದೂ ಒಂದು ಹಾರ್ಮೋನಿಯಂ ಮತ್ತು ಕೆಳದನಿಯ ಒಂದು ತಂತಿವಾದ್ಯದಲ್ಲಿ ಮಾತ್ರ. ಅಜ್ಜ ಮನೆಗೆ ಬಂದರೂ ಸುರಂಗ ಅವರ ಕಿವಿಯಲ್ಲಿ ಉಳಿದಿರುತ್ತದೆ ಎಂಬುದನ್ನು ಸಂಗೀತ ಹೇಳುತ್ತದೆ, ಮಾತು ಹೇಳಬೇಕಾಗಿಲ್ಲ. ಪ್ರೇಕ್ಷಕರಲ್ಲಿ ಒಬ್ಬರಿಗಾದರೂ ಈ ಶ್ರುತಿಯ ಗುಟ್ಟು ತಿಳಿಯುವುದೇ ಎಂದು ಕೇಳಿದರೆ, ತಿಳಿಯಲಾರದು. ಆದರೆ ಎಲ್ಲ ತುಣುಕುಗಳಿಗೂ ಒಂದೇ ನೆಲ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ, ಇಬ್ಬರಿಗೂ ತಮ್ಮದೆನ್ನಬಹುದಾದ ಒಂದು ಆಧಾರ ಸಿಕ್ಕಿತು, ಅಲ್ಲಿಂದ ಮುಂದೆ ಪಿಯಾನೊದ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ದೀಪ ಮಂಕಾಗುವ ದೃಶ್ಯ

ಒಪ್ಪಂದಕ್ಕೆ ಮೊದಲ ಪೆಟ್ಟು ಬಿದ್ದದ್ದು ನಿರ್ದೇಶಕರಿಂದಲೇ. ಸುರಂಗದ ತುದಿಯಲ್ಲಿ ದೀಪ ಮಂಕಾಗುವ, ಅಜ್ಜ ಮೊಮ್ಮಗನನ್ನು ಹೊರಗೆ ಅಟ್ಟುವ ದೃಶ್ಯಕ್ಕೆ ಸಂಗೀತ ಬೇಕೇ ಬೇಕೆಂದು ಅವರು ಪಟ್ಟುಹಿಡಿದರು. ಅವರ ಅಳುಕು ನ್ಯಾಯವಾದದ್ದು: ದೀಪ ಸಣ್ಣಗಾದರೆ ಪ್ರಾಣಕ್ಕೆ ಅಪಾಯ ಎಂಬುದು ಈ ಕೆಲಸ ಗೊತ್ತಿಲ್ಲದ ಪ್ರೇಕ್ಷಕರಿಗೆ ಹೊಳೆಯದಿದ್ದರೆ ಚಿತ್ರದ ಮುಖ್ಯ ಘಟನೆಯೇ ಕೈತಪ್ಪುತ್ತದೆ. ಸಂಯೋಜಕರು ಕೊಟ್ಟ ಉತ್ತರವನ್ನು ನಾನು ಆಗಲೇ ಬರೆದಿಟ್ಟುಕೊಂಡೆ: "ನಾನು ನುಡಿಸಿದರೆ ಹೆದರಿಕೆ ಅಂತ ಗೊತ್ತಾಗ್ತದೆ. ಯಾಕೆ ಹೆದರಬೇಕು ಅಂತ ಗೊತ್ತಾಗುವುದಿಲ್ಲ. ಅದು ನಿನ್ನ ಕೆಲಸ."

ಹಿನ್ನೆಲೆ ಸಂಗೀತದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಉಪಯುಕ್ತವಾದದ್ದು ಕಡಿಮೆ. ಕಥೆ ಕೊಡಬೇಕಾದ ಮಾಹಿತಿ ಕೊರತೆಯಾದಾಗ ಸಂಗೀತ ಅದನ್ನು ತುಂಬಲು ಹೊರಡುತ್ತದೆ, ತುಂಬಲಾರದೆ ಗಟ್ಟಿಯಾಗುತ್ತಾ ಹೋಗುತ್ತದೆ. ಪರಿಹಾರ ಸಂಕಲನದ ಕೋಣೆಯಲ್ಲಿ ಸಿಕ್ಕಿತು. ಚಿತ್ರೀಕರಣವಾಗಿಯೂ ನಿಧಾನವಾಯಿತೆಂದು ಕೈಬಿಟ್ಟಿದ್ದ ಒಂದು ಸಣ್ಣ ದೃಶ್ಯದಲ್ಲಿ ಅಜ್ಜ ಸುರಂಗದ ಬಾಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಾ, ಇದು ನಂದಿದರೆ ನನ್ನನ್ನು ಕಾಯಬೇಡ, ಓಡು ಎಂದು ಹುಡುಗನಿಗೆ ತುಳುವಿನಲ್ಲಿ ಹೇಳುತ್ತಾರೆ. ಅದನ್ನು ಚಿತ್ರದ ಮೊದಲ ಭಾಗಕ್ಕೆ ಮರಳಿ ಸೇರಿಸಲಾಯಿತು. ಈಗ ದೀಪ ಮಂಕಾಗುವ ಹೊತ್ತಿಗೆ ಸಭಾಂಗಣದಲ್ಲಿ ಯಾರೂ ಅಲುಗಾಡುವುದಿಲ್ಲ. ಅಲ್ಲಿ ಪಿಕ್ಕಾಸು ನಿಲ್ಲುವ ಸದ್ದು ಒಂದೇ ಇದೆ.

ಕಾಗದಪತ್ರ

ಕೊನೆಯ ಶೀರ್ಷಿಕೆಗಳ ಅಡಿಯಲ್ಲಿ ಒಬ್ಬ ಹಿರಿಯ ಹೆಂಗಸು ಹಾಡಿದ ನಾಟಿಯ ಹಾಡು, ಓಬೇಲೆ, ಇದೆ. ಚಿತ್ರೀಕರಣದ ನಡುವೆ ಗದ್ದೆಯಲ್ಲಿ ಸಿಕ್ಕಿದ್ದು. ಅದಕ್ಕೆ ತಂತಿವಾದ್ಯ ಕೂಡಿಸಬೇಕೇ ಎಂಬ ಚರ್ಚೆ ಬೇಗ ಮುಗಿಯಿತು, ಕೂಡಿಸಲಿಲ್ಲ. ಅನುಮತಿಯ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಹಾಡು ಜನಪದದ್ದು, ಆದ್ದರಿಂದ ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ನಮ್ಮಲ್ಲಿ ಬೇರೂರಿದ ತಿಳಿವಳಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಾಡುವವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಪ್ರದರ್ಶಕರ ಹಕ್ಕು ಇದೆ, ಅದರ ಅವಧಿ 50 ವರ್ಷ. ಅಂತರ್ಜಾಲದಿಂದ ಇಳಿಸಿದ ಇಂಗ್ಲಿಷ್ ಒಪ್ಪಿಗೆ ಪತ್ರವನ್ನು ಬದಿಗಿಟ್ಟು, ಕನ್ನಡದಲ್ಲಿ ಅರ್ಧ ಪುಟ ಬರೆದು, ತುಳುವಿನಲ್ಲಿ ಓದಿ ಹೇಳಿ, ಹಣವನ್ನೂ ಅಲ್ಲಿಯೇ ಕೊಟ್ಟು ಸಹಿ ಪಡೆದರು. ಸಂಯೋಜಕರ ಒಪ್ಪಂದದಲ್ಲಿಯೂ 'ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೇನೆ' ಎಂಬ ಸಾಲು ಇತ್ತು. 2012ರ ತಿದ್ದುಪಡಿಯ ನಂತರ, ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಬಳಸುವುದರ ಹೊರತಾದ ಬಳಕೆಗಳಿಂದ ಬರುವ ರಾಯಧನದಲ್ಲಿ ಸಂಗೀತ ರಚಿಸಿದವರ ಸಮಪಾಲನ್ನು ಹಾಗೆ ಬರೆಸಿಕೊಂಡು ಕಳೆಯಲು ಬರುವುದಿಲ್ಲವಾದ್ದರಿಂದ ಆ ಸಾಲನ್ನು ತೆಗೆದುಹಾಕಿದರು. ಕಿರುಚಿತ್ರಕ್ಕೆ ಎಂಥ ರಾಯಧನ ಎಂದು ಇಬ್ಬರೂ ನಕ್ಕರು, ಆದರೂ ಕಾಗದ ಸರಿಯಿತ್ತು.

ಉಳಿದ ಭಿನ್ನಾಭಿಪ್ರಾಯ

ಚಿತ್ರವನ್ನು ಊರಿನಲ್ಲಿ ತೋರಿಸಿದಾಗ ಪ್ರತಿಕ್ರಿಯೆ ಒಂದೇ ತೆರನಾಗಿರಲಿಲ್ಲ. ಹಾಡೇ ಇಲ್ಲವಲ್ಲ ಎಂದವರಿದ್ದರು. ಮಲಯಾಳಂ ಮಾತಿನ ಭಾಗಕ್ಕೆ ಹಾಕಿದ ಕನ್ನಡ ಅಡಿಬರಹ ಓದುವಾಗ ಹಾರ್ಮೋನಿಯಂ ಅಡ್ಡ ಬರುತ್ತದೆ ಎಂದು ಒಬ್ಬ ಶಾಲಾ ಶಿಕ್ಷಕಿ ಹೇಳಿದ್ದು ಸರಿಯಾಗಿತ್ತು; ಓದುತ್ತಿರುವ ಕಣ್ಣಿಗೆ ತಿರುವುಗಳಿರುವ ರಾಗವನ್ನು ಹಿಂಬಾಲಿಸುವ ಬಿಡುವಿರುವುದಿಲ್ಲ. ಆ ಎರಡು ಕಡೆ ಬರಿಯ ಶ್ರುತಿಯನ್ನು ಉಳಿಸಿ ಸ್ವರಗಳನ್ನು ತೆಗೆದೆವು. ಸಂಗೀತದ ಎಳೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದರಿಂದ ಮರುಧ್ವನಿಮುದ್ರಣ ಬೇಕಾಗಲಿಲ್ಲ.

ಒಂದು ಜಾಗ ಮಾತ್ರ ಇಂದಿಗೂ ತೀರ್ಮಾನವಾಗಿಲ್ಲ. ಕೊಳವೆಬಾವಿಯ ಲಾರಿ ಗುಡ್ಡ ಹತ್ತಿ ಬಂದು ಯಂತ್ರ ಇಳಿಸುವಲ್ಲಿ ನಿರ್ದೇಶಕರು ಅರ್ಧ ನಿಮಿಷದ ಸಂಗೀತವನ್ನು ಉಳಿಸಿಕೊಂಡಿದ್ದಾರೆ. ಅಜ್ಜನ ಕೆಲಸ ಮುಗಿಯಿತೆಂಬ ಭಾರ ಅಲ್ಲಿ ಕೇಳಿಸಬೇಕು ಎಂಬುದು ಅವರ ವಾದ. ಸಂಯೋಜಕರು ತಾವೇ ರಚಿಸಿದ ಆ ತುಣುಕನ್ನು ತೆಗೆದುಬಿಡಿ ಎಂದು ಈಗಲೂ ಹೇಳುತ್ತಾರೆ. ಈ ವಿಷಯದಲ್ಲಿ ನಾನು ಸಂಯೋಜಕರ ಪರ. ಪಕ್ಕದ ತೋಟದವರು ಲಾರಿ ತರಿಸಿದ್ದು ದ್ವೇಷದಿಂದಲ್ಲ, ಮಾರ್ಚ್ ತಿಂಗಳಿನಲ್ಲಿ ಅಡಿಕೆ ಮರ ಒಣಗುತ್ತಿದ್ದುದರಿಂದ. ಸಂಗೀತ ಅಲ್ಲಿ ಬಂದ ಕೂಡಲೇ ಚಿತ್ರ ಅಜ್ಜನ ಪಕ್ಷ ಹಿಡಿದು ಅವರನ್ನು ಖಳರನ್ನಾಗಿ ಮಾಡುತ್ತದೆ, ಕಥೆ ಎಲ್ಲಿಯೂ ಹಾಗೆ ಹೇಳಿಲ್ಲ. ಮುಂದಿನ ಪ್ರದರ್ಶನದ ಪ್ರತಿಯಲ್ಲಿ ಆ ತುಣುಕಿನ ದನಿಯನ್ನು ಯಂತ್ರದ ಸದ್ದಿಗಿಂತ ಕೆಳಗೆ ಇಳಿಸಲು ನಿರ್ದೇಶಕರು ಒಪ್ಪಿದ್ದಾರೆ, ತೆಗೆಯಲು ಒಪ್ಪಿಲ್ಲ.